ವೇಳೆ ಇಲ್ಲದ ವರ

ಯಾವ ಊರಿನಲ್ಲಿ ಕೆಲಸ ಗಟ್ಟಿ, ಯಾವ ಊರಿನಲ್ಲಿ ಟೊಳ್ಳು ಎಂದು ತಿಳಿಯುವುದಕ್ಕೆ ದೆಹಲಿಯಲ್ಲಿ ಅಷ್ಟೊಂದು ಪಂಡಿತರನ್ನು ಕೂರಿಸಿ ಸಂಬಳ ಕೊಡುವುದು ಶುದ್ಧ ದಂಡ! ನಮ್ಮ ಅತ್ತಿಗೆಯ ಅಡುಗೆಮನೆಗೆ ಬಂದು ಡಬ್ಬಿಗಳನ್ನು ನೋಡಿದ್ದರೆ ಸಾಕಿತ್ತು. ಬಂದವರಿಗೆ ಕಾಫಿಯೂ ಸಿಗುತ್ತಿತ್ತು.

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಮೈಸೂರಿನವರು. ಚೆನ್ನೈ ಇನ್ನೂ ಮದ್ರಾಸ್ ಆಗಿದ್ದಾಗಲೇ ಗಂಡನಿಗೆ ವರ್ಗವಾಗಿ ಇಲ್ಲಿಗೆ ಬಂದವರು. ನಾವು ಆಮೇಲೆ ಬಂದು ವೇಳಚೇರಿಯಲ್ಲಿ ಅವರ ಎದುರು ಫ್ಲಾಟಿಗೇ ಸೇರಿಕೊಂಡೆವು. ಎದುರು ಫ್ಲಾಟು ಎಂದರೆ ಹೆಸರಿಗೆ ಅಷ್ಟೇ, ಎರಡೂ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದವು. ಅತ್ತಿಗೆಯ ಕಸುಬು ಗಂಡು ಹೆಣ್ಣು ಜೋಡಿಸುವುದು. ಕಸುಬು ಎಂದರೆ ಅವರಿಗೆ ಸಿಟ್ಟು ಬರುತ್ತದೆ, ‘ಪುಣ್ಯದ ಕೆಲಸ’ ಎನ್ನಬೇಕು.

ಗಂಡುಗಳ ಜಾತಕಗಳನ್ನು ಅವರು ಅಡುಗೆಮನೆಯ ಸ್ಟೀಲ್ ಡಬ್ಬಿಗಳಲ್ಲಿ ಇಡುತ್ತಿದ್ದರು. ಊರಿಗೊಂದು ಡಬ್ಬಿ. ಬೆಂಗಳೂರಿನ ಗಂಡುಗಳು ಮೊದಲು ಮೇಲಿನ ಸಾಲಿನಲ್ಲಿ, ಸಕ್ಕರೆಯ ಪಕ್ಕದಲ್ಲಿ. ಮುಂಬಯಿಯವರು ಕಾಫಿಪುಡಿಯ ಪಕ್ಕದಲ್ಲಿ. ಅಮೆರಿಕದಲ್ಲಿ ಬ್ಯಾಂಕುಗಳು ಒಂದರ ಮೇಲೊಂದು ಮಗುಚಿಕೊಂಡ ವರ್ಷ ನೋಡಿ, ನಮ್ಮ ಅತ್ತಿಗೆಯ ಶೆಲ್ಫಿನಲ್ಲಿ ಭೂಕಂಪವೇ ಆಯಿತು! ಬೆಂಗಳೂರು ಡಬ್ಬಿ ಕೆಳಗಿಳಿದು ಉಪ್ಪಿನಕಾಯಿ ಭರಣಿಯ ಹಿಂದೆ ಸೇರಿತು. ಮುಂಬಯಿ ಡಬ್ಬಿ ಇಂಗಿನ ಪಕ್ಕಕ್ಕೆ ಬಂತು. ಆ ವರ್ಷ ಮುಂಬಯಿಯ ಯಾವ ಹುಡುಗನ ಜಾತಕ ಬಿಡಿಸಿದರೂ ಒಗ್ಗರಣೆಯ ವಾಸನೆ!

(‘ರಿಸೆಷನ್’ ಎಂದು ಟೈಪ್ ಮಾಡಲು ಹೋದರೆ ಈ ಫೋನು ‘ರಿಸೆಪ್ಷನ್’ ಎಂದು ತಾನೇ ತಿದ್ದುತ್ತದೆ. ಮದುವೆಯ ವಿಷಯ ತಾನೆ, ಅದರ ಬುದ್ಧಿಯೂ ಸರಿಯಾಗಿಯೇ ಇದೆ.)

“ಯಾಕೆ ಅತ್ತಿಗೆ, ಬೆಂಗಳೂರು ಅಷ್ಟು ಕೆಳಗೆ?” ಎಂದೆ.

“ಒಂದೇ ಕಾಲಿನ ಸ್ಟೂಲ್ ಕಣೇ ಅದು. ಬರೀ ಕಂಪ್ಯೂಟರ್. ಆ ಕಾಲು ಅಲ್ಲಾಡಿದ್ರೆ ಕೂತೋರೆಲ್ಲ ನೆಲಕ್ಕೆ! ನಮ್ಮ ಚೆನ್ನೈ ನೋಡು, ಹಾರ್ಬರ್ ಒಂದು ಕಾಲು, ಕಾರು ಫ್ಯಾಕ್ಟರಿ ಒಂದು ಕಾಲು, ಆಸ್ಪತ್ರೆ ಒಂದು, ಕಂಪ್ಯೂಟರ್ ಒಂದು. ಮಂಚ ಇದು, ಮಂಚ!”

“ಮೈಸೂರು?”

“ಮೈಸೂರಿಗೆ ರಿಸೆಷನ್ ಬಂದ್ರೂ ಊಟ ಮಾಡಿ ಮಲಗಿಬಿಡತ್ತೆ. ಅದ್ರಿಂದ ಏನೂ ತೊಂದ್ರೆ ಇಲ್ಲ.”

ಅವರು ಹೇಳಿದ್ದಕ್ಕೆ ನಗಬೇಡಿ, ಅದಕ್ಕೆ ಆಧಾರವಿತ್ತು. ದಿನಾ ಊಟವಾದ ಮೇಲೆ ಕಾಲು ಚಾಚಿ ಕೂತು ಊರೂರಿಗೆ ಫೋನು ಹಚ್ಚುತ್ತಿದ್ದರು. ಗಂಡಿನ ತಾಯಂದಿರ ದನಿಯಲ್ಲೇ ಅವರಿಗೆ ಮಾರುಕಟ್ಟೆ ಕೇಳಿಸುತ್ತಿತ್ತು. ಬೆಂಗಳೂರಿನ ಒಬ್ಬ ತಾಯಿ ಹಿಂದಿನ ವರ್ಷ “ಹುಡುಗಿ ಹಾಡ್ತಾಳಾ? ಕಾರ್ ಓಡಿಸ್ತಾಳಾ?” ಎಂದು ಪರೀಕ್ಷೆ ಮಾಡಿದ್ದರು. ಈ ವರ್ಷ ಅವರೇ ಫೋನು ಮಾಡಿ, “ಹುಡುಗಿ ಕೆಲಸ ಪರ್ಮನೆಂಟ್ ಅಲ್ವಾ? ಹಾಡು ಬರದಿದ್ರೂ ಪರವಾಗಿಲ್ಲ” ಎಂದರಂತೆ!

ಎಲ್ಲಕ್ಕಿಂತ ಮೇಲಿನ ಸಾಲಿಗೆ, ತುಪ್ಪದ ಪಕ್ಕಕ್ಕೆ ಹೋಗಿ ಕೂತವನು ಎಣ್ಣೂರಿನ ವಿದ್ಯುತ್ ಸ್ಥಾವರದ ಒಬ್ಬ ಎಂಜಿನಿಯರ್. ಅಮೆರಿಕ ಮುಳುಗಿದರೂ ಜನರಿಗೆ ಫ್ಯಾನ್ ಬೇಡವೇ? ಅವನ ಕೆಲಸ ಕಲ್ಲಿನ ಹಾಗೆ. ಲೇಆಫ್ ಆಗಿದ್ದು ಅವನ ತಲೆಗೂದಲಿಗೆ ಮಾತ್ರ.

ಅತ್ತಿಗೆಯ ಶಾಸ್ತ್ರದಲ್ಲಿ ಒಂದೇ ಕಟ್ಟುಪಾಡು: ಕೆಲಸ ಹೋಯಿತೋ, ಜಾತಕ ವಾಪಸ್. ಕನಿಕರ, ದಾಕ್ಷಿಣ್ಯ, ಏನೂ ಇಲ್ಲ. ಪುಣೆಯ ಹುಡುಗನೊಬ್ಬನ ಕೆಲಸ ಹೋದ ಸುದ್ದಿ ಬಂದಾಗ, ಅವನ ಜಾತಕ ಅದೇ ದಿನ ಲಕೋಟೆ ಸೇರಿತು.

ಅವರ ಇನ್ನೊಂದು ವಿಶೇಷ ಹೇಳಲೇಬೇಕು. ಇಷ್ಟು ವರ್ಷ ಇಲ್ಲಿದ್ದೂ ತಮಿಳನ್ನು ಹೊಸ್ತಿಲ ಒಳಗೆ ಬಿಟ್ಟವರಲ್ಲ. “ತಮಿಳು ಅಂದ್ರೇನೇ? ಕನ್ನಡಾನ ಅವಸರದಲ್ಲಿ ಮಾತಾಡೋದು. ನಾವು ನಿಧಾನವಾಗಿ, ಜೋರಾಗಿ ಹೇಳಿದ್ರೆ ಅವ್ರಿಗೇ ಅರ್ಥ ಆಗತ್ತೆ” ಎನ್ನುವುದು ಅವರ ನಂಬಿಕೆ. ಬಂದ ಹೊಸತರಲ್ಲಿ ಹಾಲಿನವನು ಬಾಗಿಲು ತಟ್ಟಿ “ಅಮ್ಮಾ, ಪಾಲ್!” ಎಂದನಂತೆ. ಇವರು ಸೆರಗು ಸಿಕ್ಕಿಸಿಕೊಂಡು, “ಪಾಲಾ? ಯಾವ ಆಸ್ತೀಲಯ್ಯಾ ನಿನಗೆ ಪಾಲು?” ಎಂದು ಜಗಳಕ್ಕೇ ನಿಂತರಂತೆ! ತಮಿಳಿನಲ್ಲಿ ಪಾಲ್ ಎಂದರೆ ಹಾಲು ಎಂದು ಪಕ್ಕದ ಮನೆಯವರು ಹೇಳಿದ ಮೇಲೂ, “ಹಾಲು ಅಂತ ನೆಟ್ಟಗೆ ಹೇಳೋಕ್ಕೇನು ರೋಗ?” ಎಂದು ಅವನನ್ನೇ ಗದರಿದರು.

ಇಂಥ ಅತ್ತಿಗೆ ಆ ವರ್ಷವೇ ನನ್ನ ಮಗಳಿಗೂ ಗಂಡು ಗೊತ್ತು ಮಾಡಿದ್ದರು. ಮಗಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. “ರೋಗಕ್ಕೆ ರಿಸೆಷನ್ ಇಲ್ಲ” ಎಂದು ಅತ್ತಿಗೆಗೆ ಅದೂ ಸಮಾಧಾನವೇ. ಹುಡುಗ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿದ್ದ. ಇದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ ಮುತ್ತಜ್ಜನ ಕಾಲದಿಂದ ನೆಲೆಸಿದ ನಮ್ಮವರದೇ ಮನೆ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದ ನನ್ನ ಮಗಳು ಈ ಹುಡುಗ ಬಂದು ಹೋದ ಸಂಜೆ ಎರಡು ಸಲ ತಲೆ ಬಾಚಿಕೊಂಡಳು. ತಾಯಿಗೆ ಇನ್ನೇನು ಹೇಳಬೇಕು? ನಿಶ್ಚಿತಾರ್ಥವೂ ಆಯಿತು.

ಒಂದು ದಿನ ಹುಡುಗನ ಫೋನು ಬಂತು. ಸಂಬಂಧದ ಮಾತೆಲ್ಲ ಅತ್ತಿಗೆಯ ಮೂಲಕವೇ ನಡೆಯಬೇಕಲ್ಲ, ಅವರೇ ಎತ್ತಿಕೊಂಡರು. ನಾನು ಪಕ್ಕದಲ್ಲಿ ಹುರುಳಿಕಾಯಿ ಮುರಿಯುತ್ತ ಕೂತಿದ್ದೆ. ಆ ಕಡೆಯ ಮಾತು ನನಗೆ ಕೇಳಿಸದು. ಈ ಕಡೆಯದು ಇಡೀ ಬೀದಿಗೇ ಕೇಳಿಸಿತು.

“ವೇಳೆ ಇಲ್ವಾ? ಅಯ್ಯೋ, ಅದಕ್ಯಾಕಪ್ಪ ಅಷ್ಟು ಸಪ್ಪೆ ದನಿ! ಇದಕ್ಕಿಂತ ಸಂತೋಷ ಇನ್ನೇನಿದೆ? ಇಂಥ ಗಂಡನ್ನೇ ನಾವು ಹುಡುಕ್ತಿದ್ದಿದ್ದು! ನೀವು ಒಂದಿಷ್ಟೂ ಯೋಚ್ನೆ ಮಾಡ್ಬೇಡಿ. ಏರ್ಪಾಟೆಲ್ಲ ನಮ್ದು. ತಾಳಿ ಕಟ್ಟೋ ಹೊತ್ತಿಗೆ ಬಂದು ನಿಂತ್ರೆ ಸಾಕು!”

ಫೋನಿಟ್ಟು ನನ್ನ ಕಡೆ ತಿರುಗಿದರು. ಮುಖದಲ್ಲಿ ದೀಪಾವಳಿ. “ನೋಡಿದ್ಯೇನೇ? ಮಾತಾಡೋಕ್ಕೂ ವೇಳೆ ಇಲ್ವಂತೆ ಪಾಪ! ಅಷ್ಟು ಕೆಲಸ! ಬೆಂಗಳೂರಲ್ಲಿ ಹುಡುಗ್ರು ನೊಣ ಹೊಡೀತಾ ಕೂತಿದಾರೆ. ಇದು ಕಣೇ ಚೆನ್ನೈ!”

ಅವತ್ತೇ ಊರೂರಿಗೂ ಈ ಸುದ್ದಿ ಹೋಯಿತು. ಮರುದಿನದಿಂದ ನನ್ನ ಮಗಳಿಗೆ ಏನಾಯಿತೋ, ಸಂಜೆ ಬಂದವಳೇ ಎದುರುಮನೆಗೆ ಹೋಗಿ ಅತ್ತಿಗೆಯ ಕಾಲೊತ್ತುವುದು, “ನಿಮ್ಮಂಥೋರು ಇಲ್ಲ ಅತ್ತೆ” ಎನ್ನುವುದು! ಹೊಗಳಿಕೆಗೆ ಕಾರಣ ಕೇಳುವ ಕೆಟ್ಟ ಅಭ್ಯಾಸ ಅತ್ತಿಗೆಗೆ ಇಲ್ಲ. “ಗೊತ್ತು ಬಿಡೇ, ಎಡಗಾಲು ಒತ್ತು” ಎನ್ನುತ್ತಿದ್ದರು.

ಅದೇ ವಾರ ಒಂದು ಬೆಳಿಗ್ಗೆ, ಆಫೀಸಿನ ಹೊತ್ತಿನಲ್ಲಿ, ಹುಡುಗ ಮೂಸಂಬಿ ತುಂಬಿದ ಚೀಲ ಹಿಡಿದು ಬಂದು ನಿಂತ.

“ಏನಪ್ಪಾ ಇದು? ವೇಳೆ ಇಲ್ದೋರು ಬೆಳಿಗ್ಗೆ ಬೆಳಿಗ್ಗೆ ಬಂದುಬಿಟ್ರಿ!” ಎಂದು ಅತ್ತಿಗೆ ನಕ್ಕರು.

ಹುಡುಗನೂ ನಕ್ಕ. ಆದರೆ ಕಣ್ಣು ತುಂಬಿತ್ತು. “ಥ್ಯಾಂಕ್ಸ್ ಹೇಳಿ ಹೋಗಾಣ ಅಂತ ಬಂದೆ ಮಾಮಿ. ಆರ್ಡರ್ ಇಲ್ಲ ಅಂತ ನಮ್ಮ ಡಿಪಾರ್ಟ್‌ಮೆಂಟನ್ನೇ ಮುಚ್ಚಿಬಿಟ್ಟರು. ಬೇರೆ ಮನೆ ಆಗಿದ್ರೆ ಸಂಬಂಧವೇ ವೇಂಡಾಂ ಅಂತಿದ್ದರು. ನನಗೆ ವೇಲೆ ಇಲ್ಲ ಅಂತ ಹೇಳಿದ ಉಡನೆ ನೀವು ‘ಇದಕ್ಕಿಂತ ಸಂತೋಷ ಇಲ್ಲ’ ಅಂದಿರಿ! ನಮ್ಮಮ್ಮ ಅದನ್ನ ಕೇಳಿ ದೇವರ ಮುಂದೆ ಕೂತು ಅತ್ತರು. ರೊಂಬ ದೊಡ್ಡ ಮನಸ್ಸು ಮಾಮಿ ನಿಮ್ಮದು.”

ತಮಿಳಿನಲ್ಲಿ ‘ವೇಲೆ’ ಎಂದರೆ ಕೆಲಸ! ಹುಡುಗ ಅವತ್ತು ಹೇಳಿದ್ದು ತನಗೆ ಕೆಲಸ ಇಲ್ಲವೆಂದು. ಇವರಿಗೆ ಕೇಳಿಸಿದ್ದು ಪುರುಸೊತ್ತು ಇಲ್ಲವೆಂದು! ಮಗಳು ಕಾಲೊತ್ತಿದ್ದೇಕೆ ಎನ್ನುವುದೂ ಆಗ ಹೊಳೆಯಿತು. ಅವಳಿಗೆ ಎಲ್ಲ ಗೊತ್ತಿತ್ತು, ನಮಗೂ ಗೊತ್ತಿದೆ ಎಂದುಕೊಂಡಿದ್ದಳು.

ಅತ್ತಿಗೆಯ ಮುಖ ನೋಡಿದೆ. ಅವರಿಗೂ ಅರ್ಥವಾಗಿತ್ತು. ನಗು ತುಟಿಯ ಮೇಲೆ ಹಾಗೇ ಅಂಟಿಕೊಂಡು ನಿಂತಿತ್ತು, ಕಣ್ಣು ಮಾತ್ರ ಅತ್ತಿತ್ತ ಓಡುತ್ತಿತ್ತು. ಕೆಲಸ ಹೋಯಿತೋ, ಜಾತಕ ವಾಪಸ್. ಎಷ್ಟು ಮನೆಗಳಿಗೆ ಆ ಮಾತನ್ನು ಮುಲಾಜಿಲ್ಲದೆ ಹೇಳಿದ ಬಾಯಿ ಅದು! ಈಗ ತೆರೆದರೆ ನನ್ನ ಮಗಳ ಮದುವೆ ಮುರಿಯಿತು. ಹುಡುಗ ಮೂಸಂಬಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ನೈವೇದ್ಯ ತಂದವನ ಹಾಗೆ ನಿಂತೇ ಇದ್ದ.

“ಹೂಂ,” ಎಂದರು ಅತ್ತಿಗೆ ಕೊನೆಗೆ. ಚೀಲವನ್ನು ತಾವೇ ಇಸಿದುಕೊಂಡರು. “ಅಂದಿದ್ದೆ. ಅಂದಿದ್ದು ಅಂದಿದ್ದೇ. ಹಾಗೇ ನಿಂತ್ಕೊಂಡ್ರೆ ಹೇಗೆ? ತಿಂಡಿ ಆಯ್ತಾ?”

ಹುಡುಗ ಎರಡು ದೋಸೆ ಸಾಕೆಂದರೂ ಅತ್ತಿಗೆ ಬಿಡಲಿಲ್ಲ. ತಟ್ಟೆಯ ಮುಂದೆ ಕೂತು ಅವನ ಅಮ್ಮನ ಮಂಡಿನೋವು, ಹೊಸ ಕೆಲಸಕ್ಕೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ, ಎಲ್ಲ ವಿಚಾರಿಸಿದರು. ಅವನು ಕೈ ತೊಳೆದು, ಕಾಲಿಗೆರಗಿ ಹೋದ.

ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಮೆಲ್ಲಗೆ ಕೇಳಿದೆ, “ಅತ್ತಿಗೆ, ಅವತ್ತು ನಿಮಗೆ ಕೇಳಿಸಿದ್ದು...”

“ಸುಮ್ನಿರೇ!” ಎಂದು ಗದರಿದರು. ಎಂಜಲು ತಟ್ಟೆ ಎತ್ತಿಕೊಂಡವರು ಹಾಗೇ ನಿಂತರು. ಆಮೇಲೆ, ಅವರ ಗಂಟಲಿನಲ್ಲಿ ಅಂಥದೊಂದು ಸಣ್ಣ ದನಿ ಇದೆಯೆಂದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ, ಹೇಳಿದರು:

“ಕೆಲಸಾನ ಅವ್ರು ಕಿತ್ಕೊಂಡ್ರು. ನಾನಂದಿದ್ದು ಒಂದೇ ಒಂದು ಒಳ್ಳೇ ಮಾತು, ಅದನ್ನ ನಂಬ್ಕೊಂಡು ಮಗು ಇಷ್ಟು ದೂರ ಬಂದಿದೆ. ಅದನ್ನೂ ಕಿತ್ಕೊಳ್ಳೋದೇನೇ?”