ಎರಡನೇ ಸಲ ಕೇಳುವ ಭಾವ

ನಮ್ಮ ಭಾವ ನಿಮ್ಮನ್ನು ಕಂಡು ಒಂದೇ ಒಂದು ಸಲ "ಹ್ಯಾಂಗಿದ್ದೀರಿ?" ಅಂತ ಕೇಳಿ ಮುಂದೆ ಹೋದರು ಅನ್ನಿ, ಅವರಿಗೆ ನಿಮ್ಮ ಮೇಲೆ ಭಯಂಕರ ಕೋಪ ಬಂದಿದೆ ಅಂತಲೇ ತಿಳಿಯಿರಿ! ಪ್ರೀತಿ ಇದ್ದರೆ ಎರಡು ಸಲ ಕೇಳುತ್ತಾರೆ. ನಿಮ್ಮ ಉತ್ತರ ಕೇಳಿಸಿಕೊಂಡು, ನಾಲ್ಕು ಹೆಜ್ಜೆ ಹೋಗಿ, ಏನೋ ಮರೆತವರ ಹಾಗೆ ತಿರುಗಿ ಬಂದು, ಈಗಷ್ಟೇ ನಿಮ್ಮನ್ನು ನೋಡಿದೆ ಅನ್ನೋ ಮುಖ ಮಾಡಿಕೊಂಡು ಮತ್ತೆ "ಹ್ಯಾಂಗಿದ್ದೀರಿ?" ಗೊತ್ತಿಲ್ಲದವರು, ಅಯ್ಯೋ ಇಷ್ಟು ಸಣ್ಣ ವಯಸ್ಸಿಗೇ ಮರೆವು ಶುರುವಾಯ್ತಲ್ಲ ಅಂತ ನಮ್ಮಕ್ಕನ ಕಡೆ ಕನಿಕರದಿಂದ ನೋಡುತ್ತಾರೆ. ಅಕ್ಕ "ಮರೆವಲ್ಲ, ಇವರ ಆಫೀಸು ಕಲಿಸಿದ್ದು" ಅಂತ ನಿಟ್ಟುಸಿರು ಬಿಡುತ್ತಾಳೆ.

ಆಫೀಸು ಇಂಥದ್ದನ್ನೂ ಕಲಿಸುತ್ತಾ ಅಂತ ಕೇಳಬೇಡಿ. ಭಾವನ ಆಫೀಸೇ ಬೇರೆ ಥರ. ಟಿವಿಗೆ ಸಿಕ್ಕಿಸಿಕೊಂಡು ವಿಡಿಯೋ ಗೇಮು ಆಡುತ್ತಾರಲ್ಲ, ಕನ್ಸೋಲು ಅನ್ನೋ ಡಬ್ಬಿ, ಅದನ್ನು ಮಾಡುವ ಕಂಪನಿ. ಹೆಸರು ಬೇಡ, ಭಾವ ಇನ್ನೂ ಅಲ್ಲೇ ಇದ್ದಾರೆ! ಜಪಾನಿನಲ್ಲಿ ಕಥೆಯಂಥ ಆಟ ಮಾಡುವವರಿಗೆ ಮೊದಲೇ ದುಡ್ಡು ಕೊಟ್ಟು, ಆಟ ನಮ್ಮ ಡಬ್ಬಿಗೇ ಬರಲಿ ಅಂತ ಒಪ್ಪಿಸೋದು ಇವರ ಕೆಲಸ. ಒಳ್ಳೆ ವರ ಕೈತಪ್ಪಿ ಹೋದಾನು ಅಂತ ಅವಸರದಲ್ಲಿ ತಾಂಬೂಲ ಬದಲಾಯಿಸಿಕೊಳ್ಳುತ್ತಾರಲ್ಲ, ಹಾಗೆ. ದುಡ್ಡು ಕಂಪನಿಯದು, ತಾಂಬೂಲದ ತಟ್ಟೆ ಹಿಡಿದು ನಿಲ್ಲೋದು ನಮ್ಮ ಭಾವ.

ಆ ಆಟಗಳಾದರೂ ಎಂಥವು ಅಂತೀರಿ? ಒಂದು ಸಣ್ಣ ಹಳ್ಳಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಬೆಳಿಗ್ಗೆ ಏಳುತ್ತೆ. ಲೋಕಕ್ಕೆ ಏನೋ ಗಂಡಾಂತರ ಬಂದಿರುತ್ತೆ. ಸರಿ, ಓಡಿ ಹೋಗಿ ತಪ್ಪಿಸಬೇಡವೇ? ಇಲ್ಲ! ನಡೆಯುತ್ತಾ ಹೋಗಬೇಕು. ಹುಲ್ಲು ತೂಗುತ್ತಿರುತ್ತೆ, ಮೋಡ ಸರಿಯುತ್ತಿರುತ್ತೆ, ಎಲ್ಲೋ ಪಿಯಾನೋ ಕೇಳುತ್ತೆ. ಊರೂರು ಸುತ್ತಿ, ಬಾವಿಕಟ್ಟೆಯ ಮೇಲೆ ಕೂತವರನ್ನೆಲ್ಲಾ ಮಾತಾಡಿಸಿ, ನಡುನಡುವೆ ಸ್ವಲ್ಪ ಯುದ್ಧ ಮಾಡಿ, ಎರಡು ತಿಂಗಳಾದ ಮೇಲೆ ಲೋಕ ಉಳಿಸಬಹುದು. ಲೋಕವೂ ಪಾಪ ಅಲ್ಲಿತನಕ ಕಾಯುತ್ತೆ!

"ನೋಡು ತಂಗಿ," ಅಂತ ಭಾವ ನನಗೊಮ್ಮೆ ಪಾಠ ಮಾಡಿದ್ದರು. ಅವರು ಧಾರವಾಡದವರು. ಇಷ್ಟು ವರ್ಷ ಅಮೆರಿಕದ ನೀರು ಕುಡಿದರೂ ಮಾತು ಮಾತ್ರ ಧಾರವಾಡ ಬಿಟ್ಟು ಬಂದಿಲ್ಲ. "ಆ ಆಟದಾಗ ಎಲ್ಲಾರ್ನೂ ಎರಡು ಸಲ ಮಾತಾಡ್ಸಬೇಕು. ಮೊದಲ್ನೇ ಸಲ ಎಲ್ಲಾರೂ ಒಂದ ನಮೂನಿ ಹೇಳ್ತಾರ. ಹವಾ ಛಲೋ ಅದ, ಮುಂದ ದಾರಿ ಅದ. ತಿರುಗಿ ಬಂದು ಇನ್ನೊಮ್ಮೆ ಕೇಳಿದ್ರ ಖರೆ ಹೇಳ್ತಾರ."

"ಅದು ಆಟದಲ್ಲಿ ಭಾವ. ಇದು ಗ್ರೋಸರಿ ಅಂಗಡಿ. ಹಿಂದೆ ಲೈನು ನೋಡಿ!"

"ಎರಡೂ ಒಂದವಾ. ಇಲ್ಲೂ ಮಂದಿ ನಿಂತಲ್ಲೇ ನಿಂತಿರ್ತಾರ, ಯಾರರ ಬಂದು ಮಾತಾಡ್ಸಲಿ ಅಂತ."

ಹಾಗಂದು ಬಿಲ್ಲು ಹಾಕುವ ಹೆಂಗಸನ್ನು ಎರಡನೇ ಸಲ ಕೇಳಿಯೇ ಬಿಟ್ಟರು. ಮೊದಲ ಸಲ "ಗುಡ್, ಗುಡ್" ಅಂದಿದ್ದ ಆ ಯಮ್ಮ ಈ ಸಲ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ತನ್ನ ಮಂಡಿನೋವು, ಮಂಡಿ ತೋರಿಸಿದ ಡಾಕ್ಟರು, ಡಾಕ್ಟರು ಮುಖ ಎತ್ತಿ ನೋಡದೆ ಕಂಪ್ಯೂಟರಿಗೇ ಮಾತಾಡಿದ್ದು, ಎಲ್ಲಾ ಹೇಳಿದಳು. ಹಿಂದಿನ ಲೈನು ನನ್ನನ್ನು ಕಣ್ಣಲ್ಲೇ ಸುಟ್ಟಿತು. ಆದರೆ ಒಂದು ಮಾತು ಒಪ್ಪಬೇಕು. ಅವತ್ತಿನಿಂದ ಎಳೇ ಕರಿಬೇವು ಬಂದ ದಿನ ನಮ್ಮಕ್ಕನಿಗೆ ಅಂತ ಒಂದು ಕಟ್ಟು ಕೌಂಟರಿನ ಕೆಳಗೆ ಇರುತ್ತೆ.

ಅಕ್ಕನ ಮದುವೆ ಆಗಿದ್ದೂ ಹೀಗೇ. ಬೆಂಗಳೂರಿನಲ್ಲಿ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ "ಹ್ಯಾಂಗಿದ್ದೀರಿ?" ಅಂತ ಕೇಳಿದರು. ಅಕ್ಕ ಹೇಳಿಕೊಟ್ಟ ಹಾಗೆ ತಲೆ ಬಗ್ಗಿಸಿ "ಚೆನ್ನಾಗಿದೀನಿ" ಅಂದಳು. ಉಪ್ಪಿಟ್ಟು ಕೇಸರಿಬಾತು ಮುಗಿಸಿ ಅವರೆಲ್ಲ ಗೇಟಿನ ತನಕ ಹೋದರು. ಅಲ್ಲಿಂದ ಒಬ್ಬರೇ ತಿರುಗಿ ಬಂದು ಮತ್ತೆ ಅದೇ ಪ್ರಶ್ನೆ! ಅಕ್ಕನಿಗೆ ತಲೆ ಕೆಟ್ಟುಹೋಯಿತು. "ಬೆಳಿಗ್ಗೆಯಿಂದ ತಲೆನೋವು, ಈ ಸೀರೆ ಚುಚ್ಚುತ್ತೆ, ಕೇಸರಿಬಾತು ಮಾಡಿದ್ದು ನಾನಲ್ಲ, ನಮ್ಮತ್ತೆ!" ಅಂದುಬಿಟ್ಟಳು. ಒಳಗೆ ನಮ್ಮಮ್ಮ ಗೋಡೆಗೆ ಒರಗಿದರು. ಸಂಜೆಗೆ ಫೋನು ಬಂತು, ಹುಡುಗಿ ಒಪ್ಪಿಗೆ ಅಂತ.

ಅವರ ಜೊತೆ ಕಾರಿನಲ್ಲಿ ಹೋಗೋದು ಇನ್ನೊಂದು ವನವಾಸ. ಆಟದಲ್ಲಿ ದಾರಿ ಮುಗಿದುಹೋಗುವ ಮೂಲೆಯಲ್ಲೇ ನಿಧಿಯ ಪೆಟ್ಟಿಗೆ ಇಟ್ಟಿರುತ್ತಾರಂತೆ. ಅದಕ್ಕೇ ಭಾವ ಕಂಡ ಕಂಡ ಕೊನೆಯಿಲ್ಲದ, ಅಲ್ಲಲ್ಲ, ಕೊನೆಗೆ ದಾರಿಯೇ ಇಲ್ಲದ ಬೀದಿಗೆಲ್ಲ ಕಾರು ತಿರುಗಿಸುತ್ತಾರೆ. ದೀಪಾವಳಿ ಊಟಕ್ಕೆ ಹೊರಟವರು ಫ್ರೀವೇ ಬಿಟ್ಟು ಯಾವುದೋ ಎಕ್ಸಿಟ್ಟಿನಲ್ಲಿ ಇಳಿದು, ಗುರುತಿಲ್ಲದ ಬೀದಿಯ ತುದಿ ಸೇರಿದೆವು. ಹಿಂದಿನ ಸೀಟಿನಿಂದ ಅಕ್ಕನ ಮಗಳು "ಅಪ್ಪಾ, ಪ್ಲೀಸ್, ನಾಟ್ ಅಗೇನ್!" ಅಂದಳು. ಅಲ್ಲಿ ಒಂದು ಮನೆಯ ಮುಂದೆ ರಟ್ಟಿನ ಪೆಟ್ಟಿಗೆ. ಅದರ ತುಂಬ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣು, ಮೇಲೆ 'ಫ್ರೀ' ಅಂತ ಚೀಟಿ! ಭಾವ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಹೇಳುವ ಅಗತ್ಯವೇನಿತ್ತು?

ಒಂದೊಂದು ಶನಿವಾರ ಹತ್ತಿರದ ಪ್ಲೆಸೆಂಟನ್ ಊರಿನ ಗುಡ್ಡಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ಸಮುದ್ರದ ಕೊಲ್ಲಿಯ ಕಡೆಯಿಂದ ಮಂಜು ಗುಡ್ಡ ಹತ್ತಿ ಬಂದು, ಒಣಹುಲ್ಲಿನ ಮೇಲೆ ಮೆಲ್ಲಗೆ ಹಾಸಿಕೊಳ್ಳುತ್ತೆ. ಓಕ್ ಮರಗಳು ಅರ್ಧ ಇರುತ್ತವೆ, ಅರ್ಧ ಇರುವುದಿಲ್ಲ. ಎಲ್ಲೋ ಹಸುವಿನ ಉಸಿರು ಕೇಳುತ್ತೆ, ಹಸು ಕಾಣಲ್ಲ. ಕೆಳಗಿನ ಫ್ರೀವೇ ಕೂಡ ದೂರದ ಹೊಳೆಯ ಹಾಗೆ ಹರಿಯುತ್ತಿರುತ್ತೆ. ಅಂಥ ಹೊತ್ತಿನಲ್ಲಿ ಭಾವ ಮಾತು ನಿಲ್ಲಿಸಿ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ನಾನೂ ಎಲ್ಲಿಗೆ, ಯಾಕೆ ಅಂತ ಕೇಳದೆ ಹಿಂದೆ ಹೋಗುತ್ತೇನೆ. ಸೋಮವಾರ, ಮೀಟಿಂಗು, ಇಮೇಲು ಎಲ್ಲಾ ಬೇರೆ ಯಾರದೋ ಕಥೆ ಅನ್ನಿಸುತ್ತೆ. ಭಾವನ ಆ ನಡಿಗೆಯ ಆಟಗಳಿಗೆ ದುಡ್ಡು ಹಾಕುವವರು ಹುಚ್ಚರಲ್ಲ ಅಂತ ನನಗೆ ಹೊಳೆದದ್ದು ಆ ಗುಡ್ಡದ ಮೇಲೇ.

ಈ ವರ್ಷ ಭಾವನ ಜೀವವೆಲ್ಲ ಒಂದು ಆಟದ ಮೇಲಿತ್ತು. ಜಪಾನಿನ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ಬೆರಳೆಣಿಕೆಯ ಜನ ಕೂತು ಮಾಡುತ್ತಿದ್ದ ಆಟ. ಅರ್ಧ ಆಗಿತ್ತು. ಭಾವನ ಕಂಪನಿ ದುಡ್ಡು ಹಾಕಿದರೆ ಪೂರ್ತಿಯಾಗುತ್ತೆ, ಇಲ್ಲದಿದ್ದರೆ ಅಲ್ಲಿಗೇ ನಿಂತುಹೋಗುತ್ತೆ. ಅದರ ಯಜಮಾನರು, ನರೆತ ತಲೆಯ ಮಿತಭಾಷಿ, ಮಾತುಕತೆಗೆ ಬಂದವರು ಒಂದು ದಿನ ಅಕ್ಕನ ಮನೆಗೆ ಊಟಕ್ಕೂ ಬಂದಿದ್ದರು. ಜೋಳದ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಒಂದು ತುತ್ತು ತಿಂದು, ತಟ್ಟೆಗೇ ತಲೆ ಬಾಗಿ ನಮಸ್ಕಾರ ಮಾಡಿದರು!

ಅವತ್ತು ಭಾವ ಅವರಿಗೆ ತಮ್ಮ ಅಜ್ಜಿಯ ಕಥೆ ಹೇಳಿದರು. ಆ ಅಜ್ಜಿ ಯಾರೇ ಬಂದರೂ ಮೊದಲು ಗದರುತ್ತಿದ್ದರಂತೆ. ಆಮೇಲೆ ಅದೇ ಬಾಯಲ್ಲಿ "ಊಟ ಆತೇನು?" ಜಗಳಕ್ಕೆ ಅಂತಲೇ ಸೆರಗು ಕಟ್ಟಿಕೊಂಡು ಬಂದ ಪಕ್ಕದ ಮನೆಯವಳಿಗೂ ಒಂದು ಸುತ್ತು ಬೈಗುಳ ಮುಗಿದ ಮೇಲೆ "ಊಟ ಆತೇನು?" ಇನ್ನು ಜಗಳ ಹೇಗೆ ಮುಂದುವರಿಯಬೇಕು ಹೇಳಿ? ಯಜಮಾನರು ನಗಲಿಲ್ಲ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಕೆಲವು ತಿಂಗಳಾದ ಮೇಲೆ ಆಟದ ತುಣುಕೊಂದು ಬಂತು. ಭಾವ ನನ್ನನ್ನು ಸೋಫಾದಲ್ಲಿ ಕೂರಿಸಿ, ಆಡಿಸುವ ಗುಂಡಿಗಳ ರಿಮೋಟು ಕೈಗೆ ಕೊಟ್ಟರು. ಸಂಜೆಯ ಬೆಳಕು, ಸಮುದ್ರ, ಒಂದು ಮರದ ಸೇತುವೆ, ನಾನು ನಡೆಸಬೇಕಾದ ಒಬ್ಬ ಹುಡುಗ. ಸೇತುವೆಯ ಪಕ್ಕ ಬೆನ್ನು ಬಾಗಿದ ಒಬ್ಬ ಮುದುಕಿ. ಮಾತಾಡಿಸಿದರೆ 'ಸೇತುವೆ ದಾಟಿದರೆ ಪೂರ್ವದ ಊರು' ಅಂತ ಅಕ್ಷರ ಮೂಡಿತು. ಸರಿ ಅಂತ ನಾನು ದಾಟಲು ಹೊರಟೆ. "ತಿರುಗವಾ ತಂಗಿ," ಅಂದರು. ತಿರುಗಿ ಬಂದು ಮತ್ತೆ ಮಾತಾಡಿಸಿದೆ. ಮುದುಕಿ ಮೆಲ್ಲಗೆ ಮುಖ ಎತ್ತಿದಳು. ಊಟ ಮಾಡಿದೆಯಾ ಅಂತ ಇಂಗ್ಲಿಷಿನಲ್ಲಿ ಅಕ್ಷರ ಬಂತು. ಧ್ವನಿ ಇರಲಿಲ್ಲ. ಧ್ವನಿ ಕೊಟ್ಟಿದ್ದು ನಮ್ಮ ಭಾವ, ಸಣ್ಣ ದನಿಯಲ್ಲಿ, "ಊಟ ಆತೇನು?" ಅಂತ. ಅಲೆಯ ಸದ್ದು ಬಂದು ಹೋಗುತ್ತಿತ್ತು. ನಾನು ಮುಂದಿನ ಗುಂಡಿ ಒತ್ತಲಿಲ್ಲ.

ಕಂಪನಿ ತೀರ್ಮಾನ ಮಾಡುವ ಮೀಟಿಂಗು ಗುರುವಾರ ಇತ್ತು. ಶನಿವಾರ ನಾನು ಅಕ್ಕನ ಮನೆಗೆ ಹೋದಾಗ ಊಟದ ಟೇಬಲ್ಲಿನಲ್ಲಿ ಭಾವ ಆ ಕಥೆಯನ್ನು ಪ್ರಹಸನದ ಹಾಗೆ ಆಡಿ ತೋರಿಸಿದರು. ದೊಡ್ಡ ಬಾಸು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮುದುಕಿಯನ್ನು ಮಾತಾಡಿಸಿದರಂತೆ. ಸೇತುವೆ, ಪೂರ್ವದ ಊರು. "ಓಕೆ, ನೆಕ್ಸ್ಟ್!"

"ನಾ ಅಂದೆ, ಸರ್, ಇನ್ನೊಮ್ಮೆ ಮಾತಾಡ್ಸ್ರಿ. ಅವರಂದ್ರು, ಯಾಕೆ, ಆಗಲೇ ದಾರಿ ಹೇಳಿದಳಲ್ಲ? ನಾ ಅಂದೆ, ಒಂದೇ ಒಂದ್ಸಲ. ಅವರಂದ್ರು, ಹೇಳಿದ್ದನ್ನ ಕೇಳೋಕೆ ಯಾರು ವಾಪಸ್ ಬರ್ತಾರೆ?" ಭಾವ ಬಾಸಿನ ಹಾಗೇ ಹುಬ್ಬು ಏರಿಸಿ, ಗಡಿಯಾರ ನೋಡಿಕೊಂಡು ಎದ್ದು ನಿಂತು ತೋರಿಸಿದರು. ದುಡ್ಡು ಯಾವುದೋ ಹೆಸರುವಾಸಿ ಆಟದ ಮುಂದಿನ ಭಾಗಕ್ಕೆ ಹೋಯಿತಂತೆ. "ಅದರಾಗ ಊರು ಬರ್ತಾವ, ಆದ್ರ ಮಾತಾಡ್ಸೂದಿಲ್ಲ, ಸುಡೂದು!" ಅಂದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನಂತೂ ನಗುತ್ತಲೇ ಮೂರು ರೊಟ್ಟಿ ಮುಗಿಸಿದೆ. ಅಕ್ಕನ ಮಗಳು ಗೆಳತಿಯ ಮನೆಗೆ ಹೊರಟಳು, ಅವಳನ್ನು ಬಿಡಲು ಅಕ್ಕನೂ ಹೋದಳು.

ನಾನೂ ಚೀಲ ತಗೊಂಡು ಎದ್ದೆ. "ನೀವು ಹೇಗಿದೀರಿ ಭಾವ?"

"ನಾನ? ಏ, ಅರಾಮ!"

ಕಾರಿನ ಬಾಗಿಲು ತೆಗೆದೆ. ಮಂಜು ಬೀದಿಯ ತುದಿಯ ತನಕ ಇಳಿದಿತ್ತು. ಆಗ ನೆನಪಾಯಿತು. ಅಷ್ಟೆಲ್ಲ ಆಡಿ ತೋರಿಸಿದ ಮನುಷ್ಯನ ತಟ್ಟೆಯಲ್ಲಿ ರೊಟ್ಟಿ ಮುರಿದಿರಲೇ ಇಲ್ಲ. ಇಷ್ಟು ವರ್ಷ ಇವರು ಊರಿನವರನ್ನೆಲ್ಲ ಎರಡೆರಡು ಸಲ ಕೇಳಿದ್ದಾರೆ. ಇವರನ್ನು ತಿರುಗಿ ಬಂದು ಕೇಳಿದವರು ಯಾರಾದರೂ ಇದ್ದಾರಾ? ಕಾರಿನ ಬಾಗಿಲು ಮುಚ್ಚಿದೆ.

ಒಳಗೆ ಹೋದೆ. ಭಾವ ಟಿವಿ ಹಾಕಿಕೊಂಡು ಕೂತಿದ್ದರು. ಸಮುದ್ರ, ಸೇತುವೆ. ಹುಡುಗನನ್ನು ಮುದುಕಿಯ ಎದುರು ನಿಲ್ಲಿಸಿ, ಏನೂ ಒತ್ತದೆ ನೋಡುತ್ತಿದ್ದರು.

"ಹೇಗಿದೀರಿ ಭಾವ?"

ಅವರು ತಿರುಗಿ ನೋಡಿದರು. ನಗಲು ಹೋದರು, ಆಗಲಿಲ್ಲ.

"ಅರಾಮ ಇಲ್ಲ ತಂಗಿ," ಅಂದರು. "ನಮ್ಮಜ್ಜಿ ಧ್ವನಿ ನನಗ ಮರ್ತೇ ಹೋಗಿತ್ತು. ಇದನ್ನ ಓದಿದಾಗ ವಾಪಸ್ ಬಂತು. ಒಪ್ಪಂದ ಆಗ್ಲಿಲ್ಲಲ್ಲ, ಸೋಮವಾರ ಈ ತುಣುಕನ್ನ ಅಳಿಸಿ ಹಾಕಬೇಕು. ಆ ಯಜಮಾನ್ರಿಗೆ ಫೋನ್ ಮಾಡಿ ಇಲ್ಲ ಅಂತ ಹೇಳಿದೆ. ಅವರು, ನೀವು ಹ್ಯಾಂಗಿದ್ದೀರಿ ಅಂತ ನನ್ನನ್ನ ಕೇಳಿದ್ರು." ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

ನನ್ನ ಬಾಯಿಗೆ ಬಂದಿದ್ದು ಒಂದೇ ಮಾತು.

"ಊಟ ಆಯ್ತಾ ಭಾವ?"

"ಇಲ್ಲವಾ."

ಚೀಲ ಕೆಳಗಿಟ್ಟು, ರೊಟ್ಟಿ ಬೆಚ್ಚಗೆ ಮಾಡಿ, ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿ ಹಾಕಿ ತಂದುಕೊಟ್ಟೆ. ಒಂದು ತುತ್ತು ಮುರಿದವರು ಕೈ ತಡೆದು ನನ್ನ ಮುಖ ನೋಡಿದರು.

"ನಿಂದು ಆತೇನು?"

ನಾನು ಅವರ ಕಣ್ಣೆದುರೇ ಮೂರು ರೊಟ್ಟಿ ತಿಂದಿದ್ದೆನಲ್ಲ! "ಇಲ್ಲ," ಅಂದೆ. ಇನ್ನೊಂದು ತಟ್ಟೆ ತಂದು ಅವರ ಪಕ್ಕದಲ್ಲೇ ಕೂತೆ.

ನಮ್ಮ ಭಾವ ಎರಡನೇ ಸಲ ಕೇಳಲಿಲ್ಲ.