ಬರ್ತೀನಿ ಎಂಬ ಒಪ್ಪಿಗೆ

ಲಿಫ್ಟು ಇನ್ನೊಂದು ಕ್ಷಣ ಮೊದಲು ಬಂದಿದ್ದರೆ ಜಯಂತನ ಭಾನುವಾರಗಳು ಅವನ ಹತ್ತಿರವೇ ಉಳಿಯುತ್ತಿದ್ದವು.

ಶನಿವಾರ ಬೆಳಿಗ್ಗೆ, ಮುಂಬೈ ಪಕ್ಕದ ಡೊಂಬಿವ್ಲಿಯ ತನ್ನ ಬಿಲ್ಡಿಂಗಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದವನನ್ನು ಎದುರುಮನೆಯ ಗುರುವಪ್ಪ ಹಿಡಿದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು, ಭಜನಾ ಮಂಡಳಿಯ ಸೆಕ್ರೆಟರಿ ಬೇರೆ.

"ಪ್ರತೀ ಆದಿತ್ಯವಾರ ಬೆಳಿಗ್ಗೆ ಭಜನೆಗೆ ತಾಳ ಹಾಕ್ಲಿಕ್ಕೆ ಒಬ್ಬರು ಬೇಕಿತ್ತು ಮಾರಾಯ್ರೆ. ನೀವು ಮೈಸೂರಿನವರು, ಸಂಗೀತ ರಕ್ತದಲ್ಲೇ ಉಂಟು!"

ಲೋಕಲ್ ರೈಲು ತಪ್ಪುವುದರಲ್ಲಿತ್ತು. ಲಿಫ್ಟಿನ ಬಾಗಿಲು ತೆರೆದದ್ದೇ, "ಸರಿ ಸಾರ್, ಬರ್ತೀನಿ!" ಎಂದು ಒಳಗೆ ನುಗ್ಗಿದ. ಹೊರಡುವಾಗ 'ಹೋಗ್ತೀನಿ' ಅನ್ನಬಾರದು ಎಂದು ಅಮ್ಮ ಕಲಿಸಿದ್ದರು. ಪಾಪ, ಅವನು ಪಾಲಿಸಿದ್ದು ಅಷ್ಟನ್ನೇ.

ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ಅವನು ಮಾಡುವ ಕೆಲಸ ಕೇಳಿದರೆ ನಿಮಗೆ ನಗು ಬಂದೀತು. ಬ್ಲಾಕ್‌ಚೈನ್ ಎಂಬ ಡಿಜಿಟಲ್ ಲೆಕ್ಕಪುಸ್ತಕದಲ್ಲಿ ತಿಂಗಳು ತಿಂಗಳೂ ತಾನಾಗಿ ಹಣ ಕಟ್ಟುವಂತೆ ಒಮ್ಮೆ ಕೊಟ್ಟ ಒಪ್ಪಿಗೆಯನ್ನು, ಕೊಟ್ಟವನು ಬೇಕೆಂದಾಗ ವಾಪಸು ಪಡೆಯುವುದು ಹೇಗೆ? ಅದಕ್ಕೆ ಎಲ್ಲ ಕಂಪನಿಗಳೂ ಪಾಲಿಸುವಂಥ ಒಂದೇ ನಿಯಮ ಬರೆಯುವುದು. 'ರದ್ದು ಮಾಡಲು ಹಣ ಪಡೆಯುವವನ ಅನುಮತಿ ಬೇಡ' ಎಂದು ಅಂದು ಬೆಳಿಗ್ಗೆಯೇ ಠೀವಿಯಿಂದ ಬರೆದಿದ್ದ.

ಪಕ್ಕದ ಕುರ್ಚಿಯ ಯಜ್ಞೇಶ್ವರ ಹುಳುಕು ಹುಡುಕುವುದರಲ್ಲಿ ಗಟ್ಟಿಗ. "ಒಪ್ಪಿಗೆ ಸಹೀನೂ ರದ್ದು ಸಹೀನೂ ಒಂದೇ ಥರ ಇದ್ದು, ರದ್ದನ್ನೇ ಯಾರಾದ್ರೂ ಒಪ್ಪಿಗೆ ಅಂತ ಓದ್ಕೊಂಡ್ರೆ?"

"ಬಿಡಪ್ಪಾ, ಅಷ್ಟು ಪೆದ್ದು ಯಾರಿರ್ತಾರೆ?" ಎಂದು ಜಯಂತ ನಕ್ಕ.

ನಗು ಮುಗಿಯುವುದರೊಳಗೆ ಫೋನು ಗಿರಗುಟ್ಟತೊಡಗಿತು. ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೆ ಅವನನ್ನು ಸೇರಿಸಿಯಾಗಿತ್ತು, ಹೂಗುಚ್ಛಗಳ ಸುರಿಮಳೆ. ಹಿಂದೆಯೇ ಹೆಂಡತಿ ನಳಿನಿಯ ಕಾಲ್.

"ಏನ್ರೀ ಇದು? ಗುರುವಪ್ಪನೋರ ಹೆಂಡ್ತಿ ಮೋಹಿನಿ ಅಕ್ಕ ಬಂದು ನಿಮ್ಮ ಜುಬ್ಬಾ ಅಳತೆ ತಗೊಂಡು ಹೋದ್ರು! ನಾಳೆ ಹರ್ಷಿತಾನ ಐರೋಲಿ ಖಾಡಿ ನೀರಿನ ದಂಡೆಗೆ ಕರ್ಕೊಂಡು ಹೋಗಿ ಫ್ಲೆಮಿಂಗೋ ಹಕ್ಕಿ ತೋರಿಸ್ತೀನಿ ಅಂದಿದ್ರಲ್ಲ? ಎಷ್ಟು ಸಲ ತಪ್ಪಿಸಿದ್ದೀರಿ ನೆನಪಿದ್ಯಾ? ಈ ಸಲಾನೂ ತಪ್ಪಿದ್ರೆ ಮಗು ನಿಮ್ಮ ಮಾತು ನಂಬೋದೇ ಬಿಟ್ಟುಬಿಡುತ್ತೆ."

ಜಯಂತ ಫೋನು ಕೆಳಗಿಟ್ಟ. ಅನುಮತಿ ಬೇಡ ಎಂದು ಬರೆಯುವುದೇನೋ ಸುಲಭ. ದಿನಾ ಬೆಳಗಾದರೆ ಕಾಣುವ ಮುಖಕ್ಕೆ ಹೇಳುವುದು ಹೇಗೆ? ಸಂಜೆಯ ಲೋಕಲ್‌ನಲ್ಲಿ ಯಾರದೋ ಬ್ಯಾಗಿಗೆ ಕೆನ್ನೆಯೊತ್ತಿ ನಿಂತು, ಮುಂಬ್ರಾ ದಾಟಿ ದಿವಾ ಬರುವವರೆಗೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ.

ನೇರ ಗುರುವಪ್ಪನವರ ಮನೆಗೇ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಅವರ ಮುಖ ಸಪ್ಪಗಾಯಿತು. "ಆಯ್ತು, ಬಿಡಿ. ಮಗಳಿಗಿಂತ ತಾಳ ದೊಡ್ಡದಾ?"

ಎಂಥ ಒಳ್ಳೆಯ ಮನುಷ್ಯ! ಜಯಂತನಿಗೆ ಕಣ್ಣು ತುಂಬಿ ಬಂತು. ಶೂ ಮೆಟ್ಟಿಕೊಂಡು ಕೈಮುಗಿದ.

"ಥ್ಯಾಂಕ್ಸ್ ಸಾರ್. ಹಾಗಾದ್ರೆ... ಬರ್ತೀನಿ."

ಅಡುಗೆಮನೆಯಲ್ಲಿದ್ದ ಮೋಹಿನಿ ಅಕ್ಕನಿಗೆ ಕೇಳಿಸಿದ್ದು ಆ ಕೊನೆಯ ಮಾತೊಂದೇ. ತಾಳ ಹಿಡಿದುಕೊಂಡೇ ಓಡಿಬಂದರು. "ಬರ್ತಾರಂತಾ? ನಾನು ಹೇಳ್ಲಿಲ್ವಾ, ಅವರು ಇಲ್ಲ ಅನ್ಲಿಕ್ಕಿಲ್ಲ ಅಂತ!" ಗುರುವಪ್ಪನವರ ಮುಖವೂ ಅರಳಿತು. ಜಯಂತ ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಗುಂಪಿಗೆ ಹೋಗಿತ್ತು, ತಾಳ ಅವನ ಕೈಗೆ ಬಂದಿತ್ತು.

ಹೆಜ್ಜೆಗೊಮ್ಮೆ ಕಿಣಿಗುಡುವ ಚೀಲ ಹೊತ್ತು ಮನೆಯೊಳಗೆ ಬಂದ. ಹಾಳಾಗಿ ಹೋಗಲಿ, ಯಾರೇನಾದರೂ ಅಂದುಕೊಳ್ಳಲಿ, ನಾಳೆ ಮಗಳ ಜೊತೆಗೇ ಎಂದು ಗಟ್ಟಿಮನಸ್ಸು ಮಾಡಿದ.

ಹರ್ಷಿತಾ ಇಲ್ಲೇ ಹುಟ್ಟಿದ ಮಗು. ಕನ್ನಡ ಅಷ್ಟಕ್ಕಷ್ಟೇ, ಮಾತೆಲ್ಲ ಹಿಂದಿ. ನಾಳೆ ತನ್ನ ಜೊತೆ ಬರುವುದು ಖಂಡಿತ ತಾನೇ ಎಂದು ಅದರಲ್ಲೇ ಕೇಳಿದಳು. "ಪಪ್ಪಾ, ಕಲ್ ಮೇರೇ ಸಾಥ್ ಆವೋಗೇ ನಾ?"

ಆ ದಿನ ಮೊದಲ ಸಲ ಜಯಂತ ಆ ಮಾತನ್ನು ಅದರದೇ ಅರ್ಥದಲ್ಲಿ, ಮನಸಾರೆ ಹೇಳಿದ. "ಬರ್ತೀನಿ, ಪುಟ್ಟಿ."

ಮಗುವಿನ ಮುಖ ಬಾಡಿತು. ಅವಳು ಆ ಮಾತು ಕೇಳುತ್ತಿದ್ದದ್ದು ದಿನಾ ಬೆಳಿಗ್ಗೆ, ಬಾಗಿಲಲ್ಲಿ, ಅಪ್ಪ ಶೂ ಹಾಕಿಕೊಂಡು ಹೊರಡುವಾಗ. ಅಪ್ಪ ಮತ್ತೆ ಹೊರಟರೆಂದು ಮೆಲ್ಲಗೆ ಕೈ ಎತ್ತಿ ಬೀಸಿದಳು.

"ಫಿರ್ ಜಾ ರಹೇ ಹೋ? ಬಾಯ್, ಪಪ್ಪಾ."