ಇಲ್ಲದ ಕೆರೆಯಲ್ಲಿ ಮುಳುಗಿದ ಜೀಪಿನ ಕುರಿತು

ಮಾನ್ಯ ನಗರ ಯೋಜನಾಧಿಕಾರಿಗಳೇ,

ತಮ್ಮ ಹಾಗೂ ತಮ್ಮ ಜೀಪಿನ ಆರೋಗ್ಯ ಸುಧಾರಿಸಿರಬಹುದೆಂದು ನಂಬಿ, ಕೆರೆದಂಡೆಯ ದರ್ಜಿಯಾದ ನಾನು ತಲೆಬಾಗಿ ಬರೆದುಕೊಳ್ಳುವ ಅರಿಕೆ ಇದು. ಹಿಂದಿನ ಒಂಬತ್ತು ಪತ್ರಗಳು ತಮ್ಮ ಕಚೇರಿಯಲ್ಲಿ ಹಾಯಾಗಿ ಮಲಗಿರುವುದರಿಂದ, ಹತ್ತನೆಯದನ್ನೂ ಅಲ್ಲಿಗೇ ಕಳಿಸಿ ಅವುಗಳ ನಿದ್ದೆ ಕೆಡಿಸಲು ಮನಸ್ಸಾಗದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಊರಿನ ಮುಂದಿನ ಇಪ್ಪತ್ತು ವರ್ಷಗಳ ಭೂಬಳಕೆಯ ನಕ್ಷೆಯನ್ನು ತಾವು ಪ್ರಕಟಿಸಿದಾಗ ನಮ್ಮ ಕೆರೆಯಿದ್ದ ಜಾಗದಲ್ಲಿ ಹಳದಿ ಬಣ್ಣವಿತ್ತು. ಹಳದಿಯೆಂದರೆ ವಸತಿ ಪ್ರದೇಶವೆಂದು ಮೂಲೆಯಲ್ಲಿ ಬರೆದಿದ್ದನ್ನು ಓದಿದ ನನ್ನ ಅಕ್ಕ, "ಸರಿಯಾಗೇ ಇದೆ, ಮೂವತ್ತೊಂದು ಜಾತಿ ಹಕ್ಕಿ ವಾಸ ಮಾಡ್ತಿವೆಯಲ್ಲ" ಎಂದಳು. ನಿವೃತ್ತ ನರ್ಸ್ ಆದ ಆಕೆ, ರೋಗಿಗಳ ಜ್ವರ ಬರೆದಿಟ್ಟ ಶ್ರದ್ಧೆಯಿಂದಲೇ ಹತ್ತೊಂಬತ್ತು ವರ್ಷಗಳಿಂದ ಆ ಕೆರೆಗೆ ಯಾವ ಹಕ್ಕಿ ಯಾವ ದಿನ ಬಂತೆಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ಆಮೇಲೆ ತಿಳಿಯಿತು, ತಾವು ಹೇಳಿದ ವಸತಿ ಹಕ್ಕಿಗಳದ್ದಲ್ಲ, ಹದಿನಾಲ್ಕು ಮಹಡಿಯದ್ದು ಎಂದು. ನಾನಾದರೋ ಒಂದು ಅಂಗಿಗೆ ಕತ್ತರಿ ಇಡುವ ಮುಂಚೆ ಮೂರು ಸಲ ಅಳತೆ ತೆಗೆಯುವ ಹೆದರುಪುಕ್ಕಲ. ಕುರ್ಚಿಯಿಂದ ಏಳದೆಯೇ ಒಂದು ಇಡೀ ಕೆರೆಯನ್ನು ಕತ್ತರಿಸಿದ ತಮ್ಮ ಕೈಚಳಕಕ್ಕೆ ನನ್ನ ನಮಸ್ಕಾರ.

ಆಕ್ಷೇಪಣೆ ಕೇಳಲೆಂದು ತಾವು ಕರೆದ ಸಾರ್ವಜನಿಕ ಸಭೆಯಲ್ಲಿ ಸಾರ್ವಜನಿಕರೆಂದರೆ ನಾವಿಬ್ಬರೇ ಇದ್ದೆವು. "ನಕ್ಷೆಯಲ್ಲಿ ಇಲ್ಲ ಅಂದ್ರೆ ಇಲ್ಲ ಅಷ್ಟೆ ಕಣಮ್ಮ" ಎಂದು ತಾವು ಅಪ್ಪಣೆ ಕೊಡಿಸಿದಿರಿ. "ಹಾಗಾದ್ರೆ ಆ ಕಪ್ಪೆಗಳು ಎಲ್ಲಿವೆ ಸಾರ್?" ಎಂದು ಅಕ್ಕ ಕೇಳಿದ್ದಕ್ಕೆ ಒಂದು ಕ್ಷಣವೂ ತಡವರಿಸದೆ "ಒತ್ತುವರಿ!" ಎಂದಿರಿ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಅಲ್ಲೇ ಮೊಟ್ಟೆಯಿಟ್ಟುಕೊಂಡಿರುವ ಆ ಬಡಪಾಯಿಗಳಿಗೆ ಹಕ್ಕುಪತ್ರ ಮಾಡಿಸಿಕೊಳ್ಳಬೇಕೆಂಬ ತಿಳಿವಳಿಕೆ ಇರಲಿಲ್ಲ, ಕ್ಷಮಿಸಬೇಕು.

ನಂತರ ತಾವು ಸ್ಥಳ ಪರಿಶೀಲನೆಗೆ ದಯಮಾಡಿಸಿದ ದಿನವನ್ನು ನಮ್ಮ ಬೀದಿ ಮರೆಯುವುದಿಲ್ಲ. ದಂಡೆಯಲ್ಲಿ ನಿಂತಿದ್ದ ಅಕ್ಕ ಎರಡೂ ಕೈ ಬೀಸಿ, "ಸಾರ್, ಮುಂದೆ ಬರಬೇಡಿ, ಅದು ಹುಲ್ಲಲ್ಲ, ನೀರಿನ ಮೇಲಿನ ಪಾಚಿ!" ಎಂದು ಕೂಗಿದಳು. ತಾವು ಕಿಟಕಿಯಿಂದ ನಕ್ಷೆಯನ್ನು ಹೊರಗೆ ಹಿಡಿದು ತೋರಿಸಿ, ಚಾಲಕನಿಗೆ "ನೀನು ಬಿಡಪ್ಪ" ಎಂದಿರಿ. ಆತ ಬಿಟ್ಟ. ಜೀಪು ಬಾಗಿಲಿನ ಮಟ್ಟಕ್ಕೆ ಇಳಿದು ನಿಂತಿತು. ತಮ್ಮನ್ನು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದ ಭಾಗ್ಯ ನನ್ನದಾಯಿತು. ಇಲ್ಲದ ನೀರು ನನ್ನ ಸೊಂಟದವರೆಗೆ ಇತ್ತು.

ಪ್ಯಾಂಟು ಒಣಗುವವರೆಗೆ ಗಿರಾಕಿಯೊಬ್ಬರ ಹೂಬಳ್ಳಿಯ ಪರದೆ ಸುತ್ತಿಕೊಂಡು ತಾವು ನನ್ನ ಅಂಗಡಿಯಲ್ಲಿ ಕುಳಿತಿದ್ದಾಗಲೂ ಕರ್ತವ್ಯ ಮರೆಯಲಿಲ್ಲ. ಜೀಪು ಮುಳುಗಿದ್ದು ತಮ್ಮ ತಪ್ಪಲ್ಲವೆಂದು ಮೇಲಧಿಕಾರಿಗಳಿಗೆ ಅಲ್ಲಿಂದಲೇ ವರದಿ ಬರೆದಿರಿ: ಕೆರೆ ಬಹು ಆಳವಾದದ್ದು, ವರ್ಷವಿಡೀ ನೀರಿರುವಂಥದ್ದು, ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದು ದಾರಿ ಕಾಣದಾಯಿತು ಎಂದು. ಯಾವ ಹಕ್ಕಿಗಳೆಂದು ಬರೆದರೆ ನಂಬಿಕೆ ಬರುತ್ತದೆಂದು ಕೇಳಿದಿರಿ. ಅಕ್ಕ ಮಿಂಚುಳ್ಳಿಯಿಂದ ಶುರುಮಾಡಿ ಮೂವತ್ತೊಂದು ಹೆಸರನ್ನೂ ನಿಧಾನವಾಗಿ ಹೇಳಿ ಬರೆಸಿದಳು. ತಾವು ಸಹಿ ಹಾಕಿ, ಚೀಲದಲ್ಲಿದ್ದ ಮೊಹರು ಒತ್ತಿ, ಸಾಕ್ಷಿಯಾಗಿ ಸಹಿ ಮಾಡಿದ ಆಕೆಗೆ ಒಂದು ಪ್ರತಿ ಕೊಟ್ಟು ಹೋದಿರಿ.

ಕಾನೂನಿನ ಪ್ರಕಾರ ಕೆರೆಯೆಂದು ಸಾಬೀತಾದರೆ ಸುತ್ತ ಐವತ್ತು ಮೀಟರಿನಲ್ಲಿ ಕಟ್ಟಡ ಇರುವಂತಿಲ್ಲವಂತೆ. ಪರಿಸರ ನ್ಯಾಯಾಲಯಕ್ಕೆ ಹೋಗುವ ಮುನ್ನಾದಿನ ಅಕ್ಕ ನನ್ನ ಮೆಷಿನ್ನಿನ ಪಕ್ಕ ಬಂದು ನಿಂತಳು. "ಲೋ, ನಿನ್ನ ಅಂಗಡಿ ಇರೋದು ಇಪ್ಪತ್ತೆರಡು ಮೀಟರಿನಲ್ಲಿ. ಅದೂ ಹೋಗುತ್ತೆ. ಅರ್ಜಿ ಹಾಕ್ಲಾ, ಬೇಡ್ವಾ?" ಇಪ್ಪತ್ತಾರು ವರ್ಷ ಕೂತ ಜಾಗ, ಮಾನ್ಯರೇ. ನಾನು ಕಾಲರೊಂದನ್ನು ಕೊನೆಯವರೆಗೂ ಹೊಲಿದೆ, ಅದು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದೆ. ಆಮೇಲೆ "ಹಾಕು" ಎಂದೆ. ಅವಳು ನನ್ನ ತಲೆ ಸವರಿದಳು, ನನಗೀಗ ಐವತ್ತೆಂಟು.

ನ್ಯಾಯಾಧೀಶರು ತಮ್ಮ ವರದಿಯನ್ನು ಎರಡು ಸಲ ಓದಿಸಿ, ಇಷ್ಟು ಸೊಗಸಾದ ಕೆರೆಯ ವರ್ಣನೆಯನ್ನು ಸರ್ಕಾರಿ ಕಾಗದದಲ್ಲಿ ಹಿಂದೆಂದೂ ಕಂಡಿಲ್ಲವೆಂದು ಹೇಳಿ, ಹದಿನಾಲ್ಕು ಮಹಡಿಯ ಯೋಜನೆಯನ್ನು ರದ್ದು ಮಾಡಿದರು. ಆದೇಶ ಬಂದ ನಾಲ್ಕನೇ ದಿನಕ್ಕೇ ನನ್ನ ಅಂಗಡಿಗೆ ತೆರವಿನ ನೋಟಿಸು ಬಂತು. ತಮ್ಮ ಕಚೇರಿಗೆ ಇಷ್ಟು ವೇಗವಾಗಿ ಓಡಲು ಬರುತ್ತದೆಂದು ತಿಳಿದು ರೋಮಾಂಚನವಾಯಿತು. ಮೆಷಿನ್ನನ್ನು ಕೈಗಾಡಿಗೆ ಹೇರಿಕೊಂಡು ಹೋಗಿ ಅದನ್ನು ನಾನು ಪಾಲಿಸಿದ್ದೇನೆ; ಈಗ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ, ಹಗಲಲ್ಲೂ ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದೇನೆ. ಆದರೆ ಎದುರು ದಂಡೆಯಲ್ಲಿ, ನೀರಿಗೆ ಕಾಲು ಇಳಿಬಿಟ್ಟಂತೆ ನಿಂತಿರುವ, ಆ ಹದಿನಾಲ್ಕು ಮಹಡಿಯ ಬಿಲ್ಡರ್ ಮಹಾಶಯರ ಗೋಡೌನಿಗೆ ಇನ್ನೂ ನೋಟಿಸು ಹೋಗಿಲ್ಲ. ಬಹುಶಃ ಅಲ್ಲಿನ ಮೀಟರುಗಳು ಕೊಂಚ ಗಿಡ್ಡ ಇರಬೇಕು. ನನ್ನ ಅಳತೆಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಜೊತೆಗೆ, ಮುಂದಿನ ಚಳಿಗಾಲಕ್ಕೆ ಬರಲಿರುವ ಬಾತುಕೋಳಿಗಳಿಗೆ ಆ ಗೋಡೌನಿನ ಕುರಿತು ಅವುಗಳ ಭಾಷೆಯಲ್ಲೇ ತಾವೊಂದು ವಿವರಣಾ ಪತ್ರ ಬರೆದುಕೊಡಬೇಕೆಂದು ಕೋರಿಕೆ.

ತಮ್ಮ ಪ್ಯಾಂಟಿನ ಅಳತೆಯನ್ನು ಇಂದಿಗೂ ಗುಟ್ಟಾಗಿಟ್ಟಿರುವ,
ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ತಿದ್ದಿದ ನಕ್ಷೆಯನ್ನು ಈಗಷ್ಟೇ ಅಕ್ಕ ತಂದು ತೋರಿಸಿದಳು. ಕೆರೆಗೆ ಅಂದವಾದ ನೀಲಿ ಬಳಿದಿದ್ದೀರಿ, ಬಹಳ ಸಂತೋಷ. ಆದರೆ ಬಳಿದಿರುವುದು ಎರಡು ಬೀದಿ ಆಚೆ, ತಮ್ಮ ಕಚೇರಿಯ ಮೇಲೆ. ನಕ್ಷೆಯಲ್ಲಿ ಇದೆಯೆಂದರೆ ಇದ್ದೇ ಇದೆಯಾದ್ದರಿಂದ, ಕಡತಗಳನ್ನು ಸಾಗಿಸಲು ಕೈಗಾಡಿ ಬೇಕಿದ್ದರೆ ಹೇಳಿ ಕಳಿಸಿ. ನನ್ನದು ಸದ್ಯಕ್ಕೆ ಖಾಲಿಯಿದೆ.